ಪಿಯುಸಿ ಮುಗಿಸಿ ನೇರ ಕಾನೂನಿಗೆ: ಐದು ವರ್ಷದ ಎಲ್‌ಎಲ್‌ಬಿ ಸೇರುವ ಹಾಸನ, ಚಿಕ್ಕಮಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಪ್ರತಿ ವರ್ಷ ಎಡವುವ ಜಾಗಗಳು ಅವೇ. ಪಿಯುಸಿ ಫಲಿತಾಂಶ ಬಂದ ಮೇಲೆ ಕ್ಲಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯ, ಅರ್ಜಿ ಕೇಳಿಕೊಂಡು ಬರುತ್ತಾರೆ. ಆ ಹೊತ್ತಿಗೆ ಪರೀಕ್ಷೆ ಮುಗಿದು ನಾಲ್ಕೈದು ತಿಂಗಳಾಗಿರುತ್ತದೆ. ಫೀಸು ಕಟ್ಟಿದ ಮೇಲೆ ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸುತ್ತಾರೆ. ಮೂರು ವರ್ಷ ಓದಿ, ಸಾಕಾಗಿ ಬಿಟ್ಟು, ಬಿಎ ಸರ್ಟಿಫಿಕೇಟ್ ಕೊಡಿ ಎಂದು ಕಾಲೇಜಿನ ಆಫೀಸಿನ ಮುಂದೆ ನಿಲ್ಲುತ್ತಾರೆ. ಇವರಲ್ಲಿ ಯಾರಿಗೂ ಬುದ್ಧಿ ಕಡಿಮೆ ಇರಲಿಲ್ಲ. ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿದರು, ಅಷ್ಟೇ. ಆದ್ದರಿಂದ ಈ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮುಗಿಸಿ.

ಹಂತ 1: ಐದು ವರ್ಷವೋ, ಮೂರು ಮತ್ತು ಮೂರೋ ಎಂದು ಮೊದಲು ತೀರ್ಮಾನಿಸಿ

ಕಾನೂನು ಓದಲು ಎರಡು ದಾರಿ ಇವೆ. ಪಿಯುಸಿ ಆದ ಮೇಲೆ ಮೂರು ವರ್ಷ ಬಿಎ, ಬಿಕಾಂ ಅಥವಾ ಬಿಎಸ್ಸಿ ಮಾಡಿ, ನಂತರ ಮೂರು ವರ್ಷದ ಎಲ್‌ಎಲ್‌ಬಿ ಓದುವುದು ಒಂದು ದಾರಿ. ಒಟ್ಟು ಆರು ವರ್ಷ. ಪಿಯುಸಿ ಆದ ತಕ್ಷಣ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿ ಅಥವಾ ಬಿಕಾಂ ಎಲ್‌ಎಲ್‌ಬಿಗೆ ಸೇರುವುದು ಇನ್ನೊಂದು. ಇಲ್ಲಿ ಎರಡೂ ಪದವಿ ಸೇರಿ ಐದೇ ವರ್ಷ, ಹತ್ತು ಸೆಮಿಸ್ಟರ್. ಒಂದು ವರ್ಷದ ಸಮಯ, ಫೀಸು, ರೂಮ್ ಬಾಡಿಗೆ ಉಳಿಯುತ್ತದೆ.

ಆದರೆ ಆ ಒಂದು ವರ್ಷದ ಉಳಿತಾಯಕ್ಕೆ ಒಂದು ಷರತ್ತು ಇದೆ. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಭಾರತೀಯ ವಕೀಲರ ಪರಿಷತ್ತಿನ, ಅಂದರೆ ಬಿಸಿಐನ, ಕಾನೂನು ಶಿಕ್ಷಣ ನಿಯಮಗಳು 2008 ರ ಪ್ರಕಾರ ಈ ಜೋಡಿ ಕೋರ್ಸಿನಿಂದ ನಡುವೆ ಪದವಿ ಪಡೆದು ಹೊರಗೆ ಬರುವ ಹಾಗಿಲ್ಲ. ಮೂರು ವರ್ಷ ಮುಗಿದರೂ ಬಿಎ ಬೇರೆ ಮಾಡಿ ಕೊಡುವುದಿಲ್ಲ. ನಾಲ್ಕೂವರೆ ವರ್ಷ ಓದಿ ಬಿಟ್ಟರೂ ನಿಮ್ಮ ಕೈಯಲ್ಲಿರುವುದು ಪಿಯುಸಿ ಮಾತ್ರ. ಹಾಗೆಯೇ ಬಿಎ ಮುಗಿಸಿದವರು ಐದು ವರ್ಷದ ಕೋರ್ಸಿನ ಮೂರನೇ ವರ್ಷಕ್ಕೆ ನೇರವಾಗಿ ಸೇರಲೂ ಆಗದು.

ಇದರ ಪರಿಣಾಮ ಮನೆಯ ಲೆಕ್ಕಾಚಾರದ ಮೇಲೆ ಬೀಳುತ್ತದೆ. ಮಗ ಅಥವಾ ಮಗಳು 21 ಕ್ಕೆ ಪದವಿ ಮುಗಿಸಿ ಎಫ್‌ಡಿಎ, ಬ್ಯಾಂಕ್, ಕೆಎಎಸ್ ಪರೀಕ್ಷೆ ಬರೆಯಲಿ ಎಂಬ ಯೋಚನೆ ಇದ್ದರೆ ಐದು ವರ್ಷದ ಕೋರ್ಸ್ ಅದಕ್ಕೆ ಹೊಂದುವುದಿಲ್ಲ. ಪದವಿ ಕೇಳುವ ಯಾವ ಹುದ್ದೆಗೂ ಹತ್ತನೇ ಸೆಮಿಸ್ಟರ್ ತನಕ ಕಾಯಬೇಕು. ಮನೆಯಲ್ಲಿ ದುಡಿಯುವ ಕೈ ಒಂದೇ ಇದ್ದು, ನಡುವೆ ಓದು ನಿಲ್ಲಬಹುದು ಎಂಬ ಭಯ ಇರುವವರಿಗೆ ಮೂರು ಮತ್ತು ಮೂರರ ದಾರಿಯೇ ಕ್ಷೇಮ ಎಂದು ನಾನು ಹೇಳುತ್ತೇನೆ. ಅಲ್ಲಿ ಮೊದಲ ಮೂರು ವರ್ಷಕ್ಕೆ ಒಂದು ಪದವಿಯಾದರೂ ಕೈಗೆ ಬರುತ್ತದೆ. ವಕೀಲಿಕೆ ಅಥವಾ ನ್ಯಾಯಾಧೀಶರ ಹುದ್ದೆಯೇ ಗುರಿ ಎಂದು ಗಟ್ಟಿಯಾಗಿ ಅನಿಸಿದವರಿಗೆ ಐದು ವರ್ಷದ್ದು ಒಳ್ಳೆಯದು.

ಇದನ್ನು ತೀರ್ಮಾನಿಸುವ ಮೊದಲು ಹುಡುಗ ಹುಡುಗಿಯರು ಒಂದು ದಿನ ನಿಮ್ಮ ತಾಲ್ಲೂಕಿನ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಬೇಲೂರು, ಸಕಲೇಶಪುರ, ಮೂಡಿಗೆರೆ, ಕಡೂರು, ಎಲ್ಲಾದರೂ ಸರಿ. ಸಾಮಾನ್ಯವಾಗಿ ಕೋರ್ಟು ಎಲ್ಲರಿಗೂ ತೆರೆದಿರುತ್ತದೆ. ಫೋನ್ ಆಫ್ ಮಾಡಿ, ಸುಮ್ಮನೆ ಕೇಳಿ. ಆಸ್ತಿ ವಿಭಾಗದ ದಾವೆ, ಚೆಕ್ ಬೌನ್ಸ್, ಜೀವನಾಂಶ, ಜಮೀನಿನ ಗಡಿ ತಕರಾರು ನಡೆಯುತ್ತಿರುತ್ತವೆ. ಸಿನಿಮಾದಲ್ಲಿ ನೋಡಿದ್ದಕ್ಕೂ ಇದಕ್ಕೂ ಏನೂ ಸಂಬಂಧ ಇರುವುದಿಲ್ಲ. ಅದನ್ನು ನೋಡಿದ ಮೇಲೂ ಆಸೆ ಉಳಿದರೆ ಮುಂದಿನ ಹಂತಕ್ಕೆ ಬನ್ನಿ.

ಹಂತ 2: ಅರ್ಹತೆ ನೋಡಿಕೊಳ್ಳಿ

ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದ ಪಿಯುಸಿ ಆದರೂ ಆಗುತ್ತದೆ. ಕಾನೂನಿಗೆ ಆರ್ಟ್ಸ್ ಓದಿರಲೇಬೇಕು ಎಂಬುದು ತಪ್ಪು ಕಲ್ಪನೆ.

ಬಿಸಿಐ ಇಟ್ಟಿರುವ ಕನಿಷ್ಠ ಅಂಕ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ ಶೇ 42, ಪರಿಶಿಷ್ಟ ಜಾತಿ ಮತ್ತು ಪಂಗಡಕ್ಕೆ ಶೇ 40. ಕ್ಲಾಟ್‌ನಲ್ಲಿ ಹಿಂದುಳಿದ ವರ್ಗದವರಿಗೂ ಶೇ 45 ಬೇಕು. ಈ ವ್ಯತ್ಯಾಸ ಗಮನಿಸದೆ ಅರ್ಜಿ ಹಾಕಿ ಹಣ ಕಳೆದುಕೊಳ್ಳಬೇಡಿ. ಶೇ 44.6 ಬಂದಿದೆ, 45 ಅಂತ ಹಿಡಿಯುತ್ತಾರೆ ಬಿಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಾರ್ಕ್ಸ್ ಕಾರ್ಡ್ ಹಿಡಿದು ನೀವೇ ಲೆಕ್ಕ ಹಾಕಿ.

ಹಂತ 3: ಕಾಲೇಜಿನ ಮಾನ್ಯತೆ ಪರೀಕ್ಷಿಸಿ, ಆಮೇಲೆ ಹಣದ ಮಾತು

ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು ಹುಬ್ಬಳ್ಳಿಯಲ್ಲಿರುವ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ನಡೆಯುತ್ತವೆ. 2009 ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸಿ ಪದವಿ ಕೊಡುತ್ತದೆ. ಹಾಸನದಲ್ಲಿ ಸರ್ಕಾರಿ ಕಾನೂನು ಕಾಲೇಜು ಇದೆ, ಎಂ. ಕೃಷ್ಣ ಕಾನೂನು ಕಾಲೇಜು ಇದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ, ಅಂದರೆ ಎನ್‌ಎಲ್‌ಎಸ್‌ಐಯು, ಬೇರೆಯೇ ವಿಶ್ವವಿದ್ಯಾಲಯ. ಅದಕ್ಕೆ ಕ್ಲಾಟ್ ಮೂಲಕವೇ ಹೋಗಬೇಕು.

ಯಾವ ಕಾಲೇಜಿಗೆ ಹೋದರೂ ಎರಡು ಕಾಗದ ಕೇಳಿ. ಒಂದು, ವಿಶ್ವವಿದ್ಯಾಲಯದ ಸಂಯೋಜನೆಯ ಆದೇಶ. ಇನ್ನೊಂದು, ಬಿಸಿಐ ಅನುಮೋದನೆ ಪತ್ರ. ಎರಡನೆಯದನ್ನು ನಿಧಾನವಾಗಿ ಓದಿ. ಅನುಮೋದನೆ ಕಾಲೇಜಿನ ಹೆಸರಿಗೆ ಮಾತ್ರ ಇದ್ದರೆ ಸಾಲದು. ಯಾವ ಕೋರ್ಸಿಗೆ, ಎಷ್ಟು ವಿಭಾಗಕ್ಕೆ (ಸೆಕ್ಷನ್‌ಗೆ), ಯಾವ ವರ್ಷದ ತನಕ ಎಂಬುದು ಅದರಲ್ಲಿ ಇರುತ್ತದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಅನುಮೋದನೆ ಇದ್ದು, ಐದು ವರ್ಷದ್ದಕ್ಕೆ ಇಲ್ಲದಿರಬಹುದು. ಬಿಎ ಎಲ್‌ಎಲ್‌ಬಿಗೆ ಇದ್ದು ಬಿಬಿಎ ಎಲ್‌ಎಲ್‌ಬಿಗೆ ಇಲ್ಲದಿರಬಹುದು. ನೀವು ಸೇರುವ ಕೋರ್ಸಿನ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಬಿಸಿಐ ಜಾಲತಾಣದಲ್ಲಿ ಕಾಲೇಜುಗಳ ಪಟ್ಟಿ ಇದೆ, ಅದರೊಂದಿಗೂ ತಾಳೆ ನೋಡಿ.

"ಈ ವರ್ಷದಿಂದ ಹೊಸದಾಗಿ ಐದು ವರ್ಷದ ಕೋರ್ಸ್ ಶುರು ಮಾಡುತ್ತಿದ್ದೇವೆ, ಅನುಮೋದನೆ ಬರುತ್ತದೆ" ಎಂದು ಹೇಳಿದರೆ ಹೆಚ್ಚು ಹುಷಾರಾಗಿರಿ. 2025 ರ ಆಗಸ್ಟ್‌ನಲ್ಲಿ ಬಿಸಿಐ ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿದೆ. ಹಳೆಯ ಕಾಲೇಜುಗಳೂ ಅದರ ಮುಂಚಿತ ಒಪ್ಪಿಗೆ ಇಲ್ಲದೆ ಹೊಸ ಕೋರ್ಸು, ಹೊಸ ವಿಭಾಗ ತೆರೆಯುವ ಹಾಗಿಲ್ಲ. ಒಪ್ಪಿಗೆ ಪತ್ರ ಕಣ್ಣಿಗೆ ಕಾಣುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ.

ಈ ಮಾತುಗಳು ಕಿವಿಗೆ ಬಿದ್ದರೆ ಎದ್ದು ಬನ್ನಿ:

- "ಕ್ಲಾಸಿಗೆ ಬರುವುದು ಬೇಡ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ."
- "ಪಕ್ಕದ ರಾಜ್ಯದ ಕಾಲೇಜು, ಪರೀಕ್ಷೆಗೆ ಮಾತ್ರ ಹೋದರೆ ಸಾಕು."
- "ಮನೆಯಲ್ಲೇ ಕುಳಿತು ದೂರ ಶಿಕ್ಷಣದಲ್ಲಿ ಎಲ್‌ಎಲ್‌ಬಿ."
- "ರಶೀದಿ ಆಮೇಲೆ ಕೊಡುತ್ತೇವೆ, ಈಗ ಸೀಟು ಹಿಡಿದುಕೊಳ್ಳಿ."

ಇಂಥ ಪದವಿ ನಂಬಿಕೊಂಡು ಸನ್ನದಿಗೆ, ಅಂದರೆ ವಕೀಲರಾಗಿ ನೋಂದಣಿಗೆ, ಅರ್ಜಿ ಹಾಕಿದಾಗ ಸಿಕ್ಕಿಹಾಕಿಕೊಳ್ಳುತ್ತೀರಿ. ಅಷ್ಟರಲ್ಲಿ ಐದು ವರ್ಷ ಹೋಗಿರುತ್ತದೆ.

ಹಂತ 4: ಕಾಗದ ಪತ್ರ ಏಪ್ರಿಲ್ ಒಳಗೇ ಸಿದ್ಧ ಮಾಡಿ

ಮಲೆನಾಡಿನವರು ಇದನ್ನು ಮಳೆಗಾಲದ ತನಕ ಎಳೆಯಬೇಡಿ. ಜೂನ್, ಜುಲೈನಲ್ಲಿ ಕೊಪ್ಪ, ಶೃಂಗೇರಿ, ಸಕಲೇಶಪುರದ ಕಡೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಅರ್ಜಿಯ ಕೊನೆ ದಿನಾಂಕ ಮಾತ್ರ ಯಾರ ಮಳೆಗೂ ಕಾಯುವುದಿಲ್ಲ.

ಬೇಕಾಗುವ ಪತ್ರಗಳು ಇಷ್ಟು: ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮಾರ್ಕ್ಸ್ ಕಾರ್ಡ್, ಟಿಸಿ, ಆಧಾರ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವ್ಯಾಸಂಗ ಪ್ರಮಾಣ ಪತ್ರ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರಿಗೆ ಅವುಗಳ ಪತ್ರವೂ ಬೇಕು. ಸಿಬಿಎಸ್‌ಇಯಂಥ ಬೇರೆ ಬೋರ್ಡಿನಲ್ಲಿ ಓದಿದವರಿಗೆ ಮೈಗ್ರೇಷನ್ ಪತ್ರ.

ಜಾತಿ, ಆದಾಯ ಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಆನ್‌ಲೈನ್ ಅರ್ಜಿಯಲ್ಲಿ ತುಂಬಬೇಕಾಗುತ್ತದೆ. ಹೆಸರಿನ ಇನಿಷಿಯಲ್ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಇಲ್ಲವೇ ಇಲ್ಲ, ಹೀಗೆ ಇರುವುದು ನಮ್ಮ ಕಡೆ ಸರ್ವೇಸಾಮಾನ್ಯ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರುವ ಹಾಗೆ ಉಳಿದವನ್ನು ಈಗಲೇ ಸರಿಮಾಡಿಸಿಕೊಳ್ಳಿ. ಮುಂದೆ ಪದವಿ ಪತ್ರಕ್ಕೂ, ಸನ್ನದಿಗೂ ಇದೇ ಹೆಸರು ಹೋಗುತ್ತದೆ.

ವ್ಯಾಸಂಗ ಪತ್ರಕ್ಕೆ ಬಿಇಒ ಸಹಿ ಕೇಳಬಹುದು. ಒಂದರಿಂದ ಹತ್ತರ ತನಕ ಎರಡು ಮೂರು ಶಾಲೆ ಬದಲಿಸಿದವರು ಎಲ್ಲ ಶಾಲೆಗೂ ಹೋಗಿ ಬರೆಸಿಕೊಳ್ಳಬೇಕು. ಹಳ್ಳಿಯ ಶಾಲೆ ಮುಚ್ಚಿದ್ದರೆ ಅದರ ದಾಖಲೆ ಎಲ್ಲಿದೆ ಎಂದು ಬಿಇಒ ಕಚೇರಿಯಲ್ಲಿ ಕೇಳಿ. ಇದಕ್ಕೆ ದಿನ ಹಿಡಿಯುತ್ತದೆ. ಅದಕ್ಕೇ ಏಪ್ರಿಲ್ ಎಂದಿದ್ದು.

ಇನ್ನೊಂದು ಮುಖ್ಯ ವಿಷಯ. ರಾಜ್ಯದ 2ಎ, 3ಎ, 3ಬಿ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ರಾಜ್ಯದಲ್ಲಿ ಮೀಸಲಾತಿ ಇದೆ ಎಂದ ಮಾತ್ರಕ್ಕೆ ಕ್ಲಾಟ್ ಅರ್ಜಿಯಲ್ಲಿ ಒಬಿಸಿ ಎಂದು ಹಾಕುವ ಹಾಗಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯ ಪತ್ರವನ್ನು ಬೇರೆಯಾಗಿ ಮಾಡಿಸಿ.

ಹಂತ 5: ಕ್ಲಾಟ್ ಬರೆಯುವವರು ದ್ವಿತೀಯ ಪಿಯುಸಿಯ ಜುಲೈನಲ್ಲೇ ಎಚ್ಚರವಾಗಿ

ಕ್ಯಾಲೆಂಡರ್ ಇಲ್ಲಿ ಬಹಳ ಜನರನ್ನು ಸೋಲಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅರ್ಜಿ ಜುಲೈ, ಆಗಸ್ಟ್ ಹೊತ್ತಿಗೆ ತೆರೆದು ಅಕ್ಟೋಬರ್ ಆಸುಪಾಸಿನಲ್ಲಿ ಮುಚ್ಚುತ್ತಿದೆ. ಪರೀಕ್ಷೆ ಡಿಸೆಂಬರ್ ಮೊದಲ ಭಾನುವಾರ. 2025 ರ ಪ್ರವೇಶಕ್ಕೆ 2024 ರ ಡಿಸೆಂಬರ್ 1 ರಂದು ನಡೆಯಿತು, 2026 ರದ್ದು 2025 ರ ಡಿಸೆಂಬರ್ 7 ರಂದು. ಅಂದರೆ ಪಿಯುಸಿ ಬೋರ್ಡ್ ಪರೀಕ್ಷೆಗೆ ಮೂರು ತಿಂಗಳು ಮೊದಲೇ ಇದು ಮುಗಿಯುತ್ತದೆ. ದ್ವಿತೀಯ ಪಿಯುಸಿ ಓದುತ್ತಿರುವವರು ಅರ್ಜಿ ಹಾಕಬಹುದು. ಗರಿಷ್ಠ ವಯಸ್ಸಿನ ಮಿತಿ ಇಲ್ಲ.

ತೋಟದ ಮನೆಗಳ ಮಕ್ಕಳಿಗೆ ಒಂದು ಮಾತು. ಡಿಸೆಂಬರ್ ಎಂದರೆ ಕಾಫಿ ಕೊಯ್ಲಿನ ಸಮಯ. ಮನೆಯಲ್ಲಿ ಎಲ್ಲರೂ ಕಣದಲ್ಲಿರುತ್ತಾರೆ. ಆ ಎರಡು ವಾರ ಈ ಮಗುವನ್ನು ಕೆಲಸಕ್ಕೆ ಕರೆಯುವುದಿಲ್ಲ ಎಂದು ಅಪ್ಪ ಅಮ್ಮ ಮೊದಲೇ ಮಾತಾಡಿಕೊಂಡಿರಬೇಕು. ಪರೀಕ್ಷಾ ಕೇಂದ್ರ ನಮ್ಮ ಜಿಲ್ಲೆಯಲ್ಲೇ ಸಿಗುತ್ತದೆ ಎಂದೂ ಎಣಿಸಬೇಡಿ. ಹಿಂದಿನ ದಿನವೇ ಹೋಗಿ ಉಳಿಯುವ ವ್ಯವಸ್ಥೆ ಮಾಡಿಕೊಳ್ಳಿ.

ಪರೀಕ್ಷೆ 120 ಪ್ರಶ್ನೆ, ಎರಡು ಗಂಟೆ, ಪೆನ್ನು ಕಾಗದದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ 0.25 ಕಡಿತ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕ ತಲಾ ಸುಮಾರು ಶೇ 25, ಇಂಗ್ಲಿಷ್ ಮತ್ತು ತರ್ಕ ತಲಾ ಸುಮಾರು ಶೇ 20, ಗಣಿತ ಶೇ 10. ಉದ್ದುದ್ದ ಗದ್ಯಭಾಗ ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕಾನೂನು ಮೊದಲೇ ಓದಿರಬೇಕು ಎಂದೇನಿಲ್ಲ, ಕೊಟ್ಟ ನಿಯಮವನ್ನು ಕೊಟ್ಟ ಸಂಗತಿಗೆ ಹೊಂದಿಸಲು ಬರಬೇಕು.

ಹಾಗಾಗಿ ಕನ್ನಡ ಮಾಧ್ಯಮದವರಿಗೆ ಕಷ್ಟ ಆಗುವುದು ಕಾನೂನಲ್ಲ, ಓದುವ ವೇಗ. ಪ್ರಥಮ ಪಿಯುಸಿಯಿಂದಲೇ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ. ಓದಿದ್ದನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆಯಿರಿ. ಅರ್ಥ ಆಗಿದೆಯೋ ಇಲ್ಲವೋ ಆ ನಾಲ್ಕು ಸಾಲಿನಲ್ಲೇ ಗೊತ್ತಾಗುತ್ತದೆ. ದುಬಾರಿ ಕೋಚಿಂಗ್‌ಗಿಂತ ಈ ಅಭ್ಯಾಸದ ಮೇಲೆ ನನಗೆ ನಂಬಿಕೆ ಜಾಸ್ತಿ. ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸಿ.

ಎನ್‌ಎಲ್‌ಎಸ್‌ಐಯುನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಮೀಸಲಾತಿ ಇದೆ. ರಾಜ್ಯದ ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ಕನಿಷ್ಠ 10 ವರ್ಷ ಓದಿದವರು ಇದಕ್ಕೆ ಬರುತ್ತಾರೆ. ಅರ್ಜಿಯಲ್ಲಿ ಆ ಅಂಕಣವನ್ನು ಖಾಲಿ ಬಿಡಬೇಡಿ. ಹಂತ 4 ರ ವ್ಯಾಸಂಗ ಪತ್ರ ಇಲ್ಲೂ ಕೆಲಸಕ್ಕೆ ಬರುತ್ತದೆ.

ಹಂತ 6: ಜಿಲ್ಲೆಯಲ್ಲೇ ಸೀಟು ಹಿಡಿಯುವವರು

ಇಲ್ಲಿ ಕ್ಲಾಟ್ ಬೇಕಿಲ್ಲ. ಪಿಯುಸಿ ಅಂಕದ ಮೇಲೆ ಪ್ರವೇಶ. ಐದು ವರ್ಷದ ಕೋರ್ಸಿನ ಸರ್ಕಾರಿ ಸೀಟುಗಳನ್ನು ಹಿಂದಿನ ವರ್ಷಗಳಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಆನ್‌ಲೈನ್ ಅರ್ಜಿ ಕರೆದು ಹಂಚಿದೆ. ಉಳಿದವನ್ನು ಕಾಲೇಜುಗಳೇ ತುಂಬುತ್ತವೆ. ಫಲಿತಾಂಶ ಬಂದ ದಿನದಿಂದ ಕೆಇಎ ಜಾಲತಾಣ ಮತ್ತು ಕಾಲೇಜಿನ ನೋಟಿಸ್ ಬೋರ್ಡ್ ಎರಡನ್ನೂ ನೋಡುತ್ತಿರಿ. ಒಂದನ್ನೇ ನಂಬಿ ಕುಳಿತರೆ ಇನ್ನೊಂದು ತಪ್ಪುತ್ತದೆ.

ಕಾಲೇಜಿಗೆ ಹೋದಾಗ ಕೇಳಬೇಕಾದ್ದು: ಐದೂ ವರ್ಷದ ಫೀಸು ಎಷ್ಟು, ಅದನ್ನು ಬರಹದಲ್ಲಿ ಕೊಡುತ್ತೀರಾ? ಪರೀಕ್ಷಾ ಶುಲ್ಕ ಅದರಲ್ಲಿ ಸೇರಿದೆಯೇ? ಕನ್ನಡದಲ್ಲಿ ಪರೀಕ್ಷೆ ಬರೆಯಲು ಯಾವ ಕೋರ್ಸಿನಲ್ಲಿ ಅವಕಾಶ ಇದೆ? ಕೊನೆಯ ಪ್ರಶ್ನೆಗೆ ವಿಶ್ವವಿದ್ಯಾಲಯದ ನಿಯಮ ತೋರಿಸಲು ಹೇಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸೇರಿದ ವರ್ಷವೇ ಅರ್ಜಿ ಹಾಕಿ, ಪ್ರತಿ ವರ್ಷ ಮತ್ತೆ ಹಾಕಿ.

ಹಂತ 7: ಸೇರಿದ ಮೇಲೆ ಹಾಜರಾತಿ, ಭಾಷೆ, ಪುಸ್ತಕ

ಪ್ರತಿ ವಿಷಯದಲ್ಲೂ ಶೇ 70 ಹಾಜರಾತಿ ಬೇಕು. ಗಂಭೀರ ಕಾರಣ ಇದ್ದರೆ ಒಂದು ವಿಷಯದಲ್ಲಿ ಶೇ 65 ಕ್ಕೆ ವಿನಾಯಿತಿ ಕೊಡಬಹುದು, ಆದರೆ ಎಲ್ಲ ವಿಷಯ ಸೇರಿ ಶೇ 70 ಇರಲೇಬೇಕು. 2024 ರಲ್ಲಿ ಬಿಸಿಐ ಬಯೋಮೆಟ್ರಿಕ್ ಹಾಜರಾತಿ ಇಡಲು ಕಾಲೇಜುಗಳಿಗೆ ಸುತ್ತೋಲೆ ಕಳಿಸಿದೆ. ಜೊತೆಗೆ ಇನ್ನೊಂದು ರೆಗ್ಯುಲರ್ ಪದವಿ ಓದುತ್ತಿಲ್ಲ ಎಂದು ಘೋಷಣೆ ಕೊಡಬೇಕು, ಉದ್ಯೋಗದಲ್ಲಿದ್ದರೆ ತಿಳಿಸಬೇಕು.

ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಸುಮಾರು 60. ಬೇಸಿಗೆಯಲ್ಲಿ ಓಡಾಡಬಹುದು. ಮಳೆ ಹಿಡಿದಾಗ ಬಸ್ಸು ತಡವಾಗಿ ಮೊದಲ ಪೀರಿಯಡ್ಡು ದಿನಾ ತಪ್ಪುತ್ತದೆ. ಜಿಲ್ಲಾಡಳಿತದ ಮಳೆ ರಜೆ ಹೆಚ್ಚಾಗಿ ಅಂಗನವಾಡಿ, ಶಾಲೆ, ಪಿಯು ಕಾಲೇಜಿಗೆ ಇರುತ್ತದೆ. ನಿಮಗೂ ರಜೆ ಎಂದುಕೊಂಡು ಮನೆಯಲ್ಲಿ ಉಳಿಯಬೇಡಿ. ಮೊದಲ ಪೀರಿಯಡ್ಡಿನ ವಿಷಯದಲ್ಲಿ ಎರಡನೇ ತಿಂಗಳಿಗೇ ಹಾಜರಾತಿ ಶೇ 75 ಕ್ಕಿಂತ ಕೆಳಗೆ ಇಳಿದಿದ್ದರೆ ಅದೇ ಎಚ್ಚರಿಕೆ. ಮಳೆಗಾಲದ ಮಟ್ಟಿಗಾದರೂ ಹಾಸನದಲ್ಲಿ ಹಾಸ್ಟೆಲ್ ಅಥವಾ ರೂಮ್ ನೋಡಿ.

ಮೊದಲ ಎರಡು ವರ್ಷದಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಅರ್ಥಶಾಸ್ತ್ರದಂಥ ವಿಷಯ ಜಾಸ್ತಿ. ಇದೇನು ಕಾನೂನೇ ಇಲ್ಲವಲ್ಲ ಎಂದು ಅವನ್ನು ಹಗುರ ಮಾಡಿದವರ ಬ್ಯಾಕ್‌ಲಾಗ್ ನಾಲ್ಕನೇ ವರ್ಷದ ತನಕ ಬೆನ್ನು ಹತ್ತುತ್ತದೆ.

ಸೀನಿಯರ್‌ಗಳ ಹಳೆಯ ಪುಸ್ತಕ ತೆಗೆದುಕೊಳ್ಳುವಾಗ ಇಸವಿ ನೋಡಿ. 2024 ರ ಜುಲೈ 1 ರಿಂದ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕಲಂ ಸಂಖ್ಯೆಗಳೇ ಬದಲಾಗಿವೆ. ಕೊಲೆಗೆ ಶಿಕ್ಷೆ ಐಪಿಸಿಯಲ್ಲಿ 302, ಈಗ 103. ಒಪ್ಪಂದ ಕಾಯ್ದೆ, ಸಂವಿಧಾನಕ್ಕೆ ಹಳೆಯ ಪುಸ್ತಕ ನಡೆಯುತ್ತದೆ. ಅಪರಾಧ ಕಾನೂನಿಗೆ ಹೊಸದನ್ನೇ ಕೊಳ್ಳಿ. ಆದರೂ ಹಳೆಯ ಕಲಂಗಳನ್ನು ಮರೆಯುವ ಹಾಗಿಲ್ಲ. 2024 ರ ಜುಲೈಗೆ ಮೊದಲು ನಡೆದ ಅಪರಾಧಗಳ ಕೇಸುಗಳು ಕೋರ್ಟಿನಲ್ಲಿ ಇನ್ನೂ ಐಪಿಸಿ ಅಡಿಯಲ್ಲೇ ನಡೆಯುತ್ತಿವೆ.

ಹಂತ 8: ಇಂಟರ್ನ್‌ಶಿಪ್ ಅನ್ನು ಕೊನೆಯ ವರ್ಷಕ್ಕೆ ಇಟ್ಟುಕೊಳ್ಳಬೇಡಿ

ಐದು ವರ್ಷದಲ್ಲಿ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಬೇಕು. ಯಾವ ವರ್ಷದಲ್ಲೂ ಒಂದೇ ಸಮನೆ ನಾಲ್ಕು ವಾರಕ್ಕಿಂತ ಹೆಚ್ಚು ಮಾಡುವ ಹಾಗಿಲ್ಲ. ಲೆಕ್ಕ ಹಾಕಿ, ವರ್ಷಕ್ಕೆ ನಾಲ್ಕು ವಾರ ಅಂದರೆ ಮೊದಲ ವರ್ಷದಿಂದಲೇ ಶುರು ಮಾಡಬೇಕು.

ಇದಕ್ಕೆ ಬೆಂಗಳೂರಿಗೇ ಹೋಗಬೇಕಿಲ್ಲ. ಮೊದಲ ವರ್ಷ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ. ಉಚಿತ ಕಾನೂನು ನೆರವಿನ ಅರ್ಜಿಗಳು, ಲೋಕ ಅದಾಲತ್ ನಡೆಯುವ ರೀತಿ ಅಲ್ಲಿ ಕಾಣುತ್ತದೆ. ಎರಡನೇ ವರ್ಷ ಸ್ಥಳೀಯ ಸಂಸ್ಥೆ ಅಥವಾ ಸ್ವಯಂಸೇವಾ ಸಂಸ್ಥೆ. ಮೂರನೇ ವರ್ಷದಿಂದ ಜಿಲ್ಲಾ ಕೋರ್ಟಿನ ವಕೀಲರ ಕಚೇರಿ. ವಿಚಾರಣಾ ಮತ್ತು ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಕೆಲಸ ಮಾಡಿರಬೇಕು ಎಂಬ ನಿಯಮವೂ ಇದೆ.

ವಕೀಲರ ಕಚೇರಿ ಆರಿಸುವಾಗ ದೊಡ್ಡ ಹೆಸರು ನೋಡಬೇಡಿ, ಕಲಿಸುವ ಮನಸ್ಸು ನೋಡಿ. ಹೋದ ಮೊದಲ ವಾರ ಫೈಲು ಜೋಡಿಸುವುದು, ನಕಲಿಗೆ ಅರ್ಜಿ ಹಾಕುವುದು, ಕೇಸ್ ಡೈರಿಯಲ್ಲಿ ಮುಂದಿನ ದಿನಾಂಕ ಬರೆಯುವುದೇ ಇರುತ್ತದೆ. ಅದು ಕೀಳು ಕೆಲಸವಲ್ಲ. ವಾದಪತ್ರ, ಪ್ರತಿವಾದಿಯ ಹೇಳಿಕೆ, ಪಹಣಿ, ಮ್ಯುಟೇಷನ್ ಒಂದರ ಹಿಂದೆ ಒಂದು ಹೇಗೆ ಕೂರುತ್ತವೆ ಎಂದು ಫೈಲು ಜೋಡಿಸಿದವರಿಗೇ ಗೊತ್ತಾಗುವುದು. ಪಾಟಿ ಸವಾಲು ಇರುವ ದಿನ ಮಾತ್ರ ಏನೇ ಆದರೂ ಕೋರ್ಟ್ ಹಾಲಿನಲ್ಲಿರಿ.

ಆ ದಿನದ್ದನ್ನು ಆ ದಿನವೇ ಡೈರಿಯಲ್ಲಿ ಬರೆಯಿರಿ. ಕೊನೆಯ ವರ್ಷದ ಅಣಕು ನ್ಯಾಯಾಲಯದ ಪೇಪರ್‌ನಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ದಾಖಲಿಸಿದ್ದಕ್ಕೆ 30 ಅಂಕ, ಕಕ್ಷಿದಾರರ ಸಂದರ್ಶನ ಮತ್ತು ವಿಚಾರಣಾ ಪೂರ್ವ ಸಿದ್ಧತೆಗೆ 30 ಅಂಕ. ಬೇರೆಯವರ ಡೈರಿ ನಕಲು ಮಾಡಿದವರು ಮೌಖಿಕ ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಪ್ರತಿ ಇಂಟರ್ನ್‌ಶಿಪ್ ಮುಗಿದ ದಿನವೇ ದಿನಾಂಕ, ಸಹಿ, ಸೀಲು ಇರುವ ಪತ್ರ ತೆಗೆದುಕೊಳ್ಳಿ.

ಹಂತ 9: ಪದವಿ ಆದ ಮೇಲೆ ಸನ್ನದು ಮತ್ತು ಎಐಬಿಇ

ಪದವಿ ಇದ್ದ ಮಾತ್ರಕ್ಕೆ ಕೋರ್ಟಿನಲ್ಲಿ ನಿಲ್ಲಲಾಗದು. ವಕೀಲರ ಕಾಯ್ದೆ 1961 ರ ಪ್ರಕಾರ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದು ಸುಪ್ರೀಂ ಕೋರ್ಟ್ 2024 ರ ಜುಲೈ 30 ರಂದು ಹೇಳಿದೆ. ಸಾವಿರಾರು ರೂಪಾಯಿ ಕೊಟ್ಟರೆ ಸನ್ನದು ಮಾಡಿಸಿಕೊಡುತ್ತೇನೆ ಎನ್ನುವವರ ಹತ್ತಿರ ಹೋಗಬೇಡಿ.

ನಂತರ ಅಖಿಲ ಭಾರತ ವಕೀಲರ ಪರೀಕ್ಷೆ, ಎಐಬಿಇ. 100 ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಟಿಪ್ಪಣಿ ಇಲ್ಲದ ಬೇರ್ ಆ್ಯಕ್ಟ್, ಅಂದರೆ ಕಾಯ್ದೆಯ ಮೂಲ ಪಠ್ಯ ಮಾತ್ರ ಇರುವ ಪುಸ್ತಕ, ಒಳಗೆ ಒಯ್ಯಬಹುದು. ಬೇರ್ ಆ್ಯಕ್ಟ್ ಪುಟ ತಿರುಗಿಸುವ ಅಭ್ಯಾಸ ಇಲ್ಲದವರಿಗೆ ಇದರಿಂದ ಏನೂ ಉಪಯೋಗವಿಲ್ಲ, ಹುಡುಕುವುದರಲ್ಲೇ ಸಮಯ ಹೋಗುತ್ತದೆ. ಉತ್ತೀರ್ಣಕ್ಕೆ ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40.

ಸಿವಿಲ್ ನ್ಯಾಯಾಧೀಶರಾಗಬೇಕು ಎಂದು ಈ ಕೋರ್ಸ್ ಸೇರುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. 2025 ರ ಮೇ 20 ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಆ ಪರೀಕ್ಷೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕು. ಐದು ವರ್ಷ ಮುಗಿದ ತಕ್ಷಣ ಬರೆಯಲಾಗದು. ಈ ಮೂರು ವರ್ಷವನ್ನು ತಾತ್ಕಾಲಿಕ ನೋಂದಣಿಯ, ಅಂದರೆ ಎಐಬಿಇಗೆ ಮೊದಲು ಸಿಗುವ ನೋಂದಣಿಯ, ದಿನದಿಂದ ಎಣಿಸುತ್ತಾರೆ, ಎಐಬಿಇ ಪಾಸಾದ ದಿನದಿಂದಲ್ಲ. ಆದ್ದರಿಂದ ಅಂತಿಮ ಫಲಿತಾಂಶ ಬಂದ ಮೇಲೆ ಘಟಿಕೋತ್ಸವಕ್ಕೆ ಕಾಯದೆ, ತಾತ್ಕಾಲಿಕ ಪದವಿ ಪತ್ರ ಪಡೆದು ನೋಂದಣಿಗೆ ಅರ್ಜಿ ಹಾಕಿ. ಮೊದಲ ದಿನದಿಂದಲೇ ನಿಮ್ಮ ಹೆಸರಿನ ವಕಾಲತ್ತುಗಳು, ಹಾಜರಾದ ಕೇಸುಗಳ ಸಂಖ್ಯೆ ಮತ್ತು ದಿನಾಂಕ ಒಂದು ಪುಸ್ತಕದಲ್ಲಿ ಬರೆದಿಡಿ. ಮೂರು ವರ್ಷದ ಅನುಭವಕ್ಕೆ ಹಿರಿಯ ವಕೀಲರಿಂದ ಪ್ರಮಾಣ ಪತ್ರ ಬರೆಸಿಕೊಳ್ಳುವಾಗ ಈ ಪುಸ್ತಕವನ್ನು ಅವರ ಮುಂದೆ ಇಡಿ.